ಎಡಕ್ಕೆ ಹೋದರೆ ಪಾರ್ಕು, ಬಲಕ್ಕೆ ಹೋದರೆ ಸೂಜಿ

ನಮ್ಮ ಮನೆಯಿಂದ ಹೊರಟು ಎರಡನೇ ಸರ್ಕಲ್ಲಿನಲ್ಲಿ ಎಡಕ್ಕೆ ತಿರುಗಿದರೆ ಪಾರ್ಕು, ಬಲಕ್ಕೆ ತಿರುಗಿದರೆ ನಾಯಿ ಡಾಕ್ಟರ ಕ್ಲಿನಿಕ್ಕು. ಇಡೀ ಮೈಸೂರಿನಲ್ಲಿ ಈ ವಿಷಯ ನಮ್ಮ ಮುದ್ದೆಗೆ ಗೊತ್ತಿರುವಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿಲ್ಲ. ಸರ್ಕಲ್ ಬರುವವರೆಗೂ ಕಾರಿನ ಕಿಟಕಿಯಲ್ಲಿ ತಲೆಯಿಟ್ಟು, ಕಿವಿ ಹಾರಿಸಿಕೊಂಡು, ಗೆದ್ದ ಶಾಸಕರು ಮೆರವಣಿಗೆ ಹೊರಟ ಹಾಗೆ ಕೂತಿರುತ್ತಾನೆ. ನಾನು ಬಲಗಡೆ ಇಂಡಿಕೇಟರ್ ಹಾಕಿ ಅದು ಟಿಕ್ ಟಿಕ್ ಅಂದರೆ ಸಾಕು, ಶಾಸಕರು ಸೀಟಿನ ಕೆಳಗೆ. ಎಡಕ್ಕೂ ಬಲಕ್ಕೂ ಟಿಕ್ ಟಿಕ್ ಒಂದೇ ಅಲ್ವಾ, ಇವನಿಗೆ ಹೇಗೆ ಗೊತ್ತಾಗುತ್ತೆ? ಕಾರು ಮಾಡಿದವರಿಗೂ ಗೊತ್ತಿರಲಿಕ್ಕಿಲ್ಲ.

ಮುದ್ದೆ ಅನ್ನುವುದು ನಮ್ಮ ನಾಯಿಯ ಹೆಸರು. ಐದು ವರ್ಷದ ಹಿಂದೆ ಒಂದು ಮಳೆಯ ಸಂಜೆ ಹಿಟ್ಟಿನ ಮಿಲ್ಲಿನ ಮೆಟ್ಟಿಲ ಮೇಲೆ ನನ್ನ ಮಗಳಿಗೆ ಸಿಕ್ಕ. ಮೈತುಂಬಾ ರಾಗಿ ಹಿಟ್ಟು, ಅದರ ಮೇಲೆ ಮಳೆ ನೀರು. ಬಾಗಿಲು ತೆಗೆದ ಅಮ್ಮ, "ಇದೇನೇ, ಮುದ್ದೆ ತಂದಿದ್ದೀಯಾ?" ಅಂದರು. ನಾಮಕರಣ ಅಲ್ಲಿಗೆ ಮುಗಿಯಿತು. ಈಗ ಅವನು ಬೀದಿಗೆ ದೊಡ್ಡ ಪೈಲ್ವಾನ್. ಕೊರಿಯರ್ ಹುಡುಗ, ಪೇಪರ್ ಹುಡುಗ, ಎದುರು ಮನೆಯ ಕುಕ್ಕರಿನ ಸೀಟಿ, ಯಾರನ್ನೂ ಬಿಡುವುದಿಲ್ಲ. ಗೇಟಿಗೆ "ನಾಯಿ ಇದೆ ಎಚ್ಚರಿಕೆ" ಅಂತ ಬೋರ್ಡು ಬೇರೆ ಹಾಕಿಸಿದ್ದೇವೆ. ಕ್ಲಿನಿಕ್ಕಿನ ಬಾಗಿಲಲ್ಲಿ ಅವನನ್ನು ನೋಡಿದವರು ಆ ಬೋರ್ಡನ್ನು ನಂಬುವುದಿಲ್ಲ.

ಮೊದಮೊದಲು "ಡಾಕ್ಟ್ರ ಹತ್ರ ಹೋಗೋಣ" ಅಂತ ಬಾಯ್ಬಿಟ್ಟೇ ಹೇಳುತ್ತಿದ್ದೆವು. ಎರಡು ಸಲ ಆದ ಮೇಲೆ "ಡಾಕ್ಟ್ರು" ಅಂದರೆ ಅವನು ಅಮ್ಮನ ಮಂಚದ ಕೆಳಗೆ ಸೇರಲು ಶುರು ಮಾಡಿದ. ಹಾಗಾಗಿ ನನ್ನ ಹೆಂಡತಿ ಒಂದು ಗುಟ್ಟಿನ ಮಾತು ಕಂಡುಹಿಡಿದಳು: "ರೀ, ಪಾಸ್‌ಬುಕ್ ಎಂಟ್ರಿ ಮಾಡಿಸ್ಕೊಂಡು ಬರ್ತೀರಾ?" ಲಸಿಕೆಯ ಕಾರ್ಡೂ ಪಾಸ್‌ಬುಕ್ಕಿನಷ್ಟೇ ಉದ್ದ ಅಗಲ ಇದ್ದುದರಿಂದ ಒಳ್ಳೇ ಹೊಂದಿಕೆ ಅನ್ನಿಸಿತು. ಒಂದು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಒಂದು ತಿಂಗಳು, ಅಪ್ಪನ ಫ್ಯಾಮಿಲಿ ಪೆನ್ಷನ್ ಬಂದಿದೆಯಾ ನೋಡಬೇಕು ಅಂತ ಅಮ್ಮ "ನನ್ ಪಾಸ್‌ಬುಕ್ ಎಲ್ಲಿಟ್ಟಿದ್ದೀಯೋ?" ಅಂದರು. ಸೋಫಾ ಮೇಲೆ ಅಂಗಾತ ಮಲಗಿದ್ದ ಮುದ್ದೆ ಮಾಯ. ಈಗ ಪ್ರತಿ ತಿಂಗಳ ಮೊದಲ ವಾರ ನಮ್ಮ ಮನೆಯಲ್ಲಿ ಪೆನ್ಷನ್ನು ಅಮ್ಮನಿಗೆ, ನಡುಕ ಮುದ್ದೆಗೆ.

ಕ್ಲಿನಿಕ್ಕಿನ ಹೊರಗಿನ ಬೆಂಚು ನೋಡಬೇಕಾದ ಜಾಗ. ಅಲ್ಲಿ ಲ್ಯಾಬ್ರಡಾರ್ ಜಾತಿಯವು ಮಾತ್ರ ಮದುವೆ ಮನೆಗೆ ಬಂದ ಹಾಗೆ ಓಡಾಡುತ್ತವೆ. ಅವಕ್ಕೆ ಡಾಕ್ಟರೂ ಸ್ನೇಹಿತರೇ, ಸೂಜಿ ಹಿಡಿದ ಹುಡುಗನೂ ಸ್ನೇಹಿತನೇ. ಎಲ್ಲಾದರೂ ಒಂದು ಬಿಸ್ಕತ್ ಬಿದ್ದರೆ ಆಯಿತು. ಹೋದ ಸಲ ಒಬ್ಬರು ಮುಧೋಳ ನಾಯಿ ತಂದಿದ್ದರು. ಏನು ಎತ್ತರ, ಏನು ನಡಿಗೆ! 2005ರಲ್ಲಿ ಅಂಚೆ ಇಲಾಖೆ ಸ್ಟಾಂಪು ಹೊರಡಿಸಿದ ತಳಿ ಅದು. ಒಳಗಿನಿಂದ ಯಾವುದೋ ನಾಯಿ ಕುಂಯ್ ಅಂದಿದ್ದೇ ತಡ, ಸ್ಟಾಂಪಿನ ವೀರ ತನ್ನ ಉದ್ದ ಮೂತಿಯನ್ನು ಯಜಮಾನರ ಪಂಚೆಯೊಳಗೆ ತೂರಿಸಿ ನಿಂತ. ಅವರು ಎರಡೂ ಕೈಯಲ್ಲಿ ಪಂಚೆ ಹಿಡಿದುಕೊಂಡು ನಮ್ಮ ಕಡೆ ನೋಡಿ ನಕ್ಕರು. ನಾನೂ ನಕ್ಕೆ. ನಮ್ಮವನು ಅಷ್ಟು ಹೊತ್ತಿಗಾಗಲೇ ಗೋಡೆಗೆ ಮುಖ ಮಾಡಿ ಕೂತಿದ್ದ. ತಾನು ಡಾಕ್ಟರನ್ನು ನೋಡದಿದ್ದರೆ ಡಾಕ್ಟರಿಗೂ ತಾನು ಕಾಣುವುದಿಲ್ಲ ಅಂತ ಅವನ ಲೆಕ್ಕ.

ಅವನನ್ನು ಅಂದು ಪ್ರಯೋಜನವಿಲ್ಲ ಬಿಡಿ. ನಮಗೆ ಆ ಜಾಗದಲ್ಲಿ ಫಿನಾಯಿಲ್ ಮತ್ತು ಸ್ಪಿರಿಟ್ ವಾಸನೆ ಅಷ್ಟೇ ಬರುತ್ತದೆ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಲಕ್ಷದ ಲೆಕ್ಕದಲ್ಲಿವೆ, ನಾಯಿಗೆ ಹತ್ತಾರು ಕೋಟಿ. ಸಾಲದ್ದಕ್ಕೆ ಹೆದರಿದ ನಾಯಿ ಬಾಲದ ಕೆಳಗಿನ ಗ್ರಂಥಿಯಿಂದ ಒಂದು ಥರ ದ್ರವ ಬಿಡುತ್ತದಂತೆ. ಅಂದರೆ ಬೆಳಗಿನಿಂದ ಅಲ್ಲಿಗೆ ಬಂದ ಒಂದೊಂದು ನಾಯಿಯೂ ತನ್ನ ಹೆದರಿಕೆಯನ್ನು ನೆಲದ ಮೇಲೆ ಬರೆದಿಟ್ಟು ಹೋಗಿರುತ್ತದೆ. ಮುದ್ದೆ ಬಾಗಿಲಲ್ಲಿ ನಿಂತು ಅದನ್ನೆಲ್ಲ ಓದಿಕೊಳ್ಳುತ್ತಾನೆ. ನಾನು ಹಗ್ಗ ಎಳೆಯುತ್ತಾ "ಬಾರೋ, ಏನೂ ಮಾಡಲ್ಲ" ಅಂತ ಸುಳ್ಳು ಹೇಳುತ್ತಿರುತ್ತೇನೆ.

ಒಳಗೆ ಮೊದಲು ತೂಕ. ಮುದ್ದೆ ತೂಕದ ಯಂತ್ರದ ಮೇಲೆ ಮುಂಗಾಲು ಇಟ್ಟರೆ ಹಿಂಗಾಲು ಇಡುವುದಿಲ್ಲ, ಹಿಂಗಾಲು ಇಟ್ಟರೆ ಮುಂಗಾಲು ನನ್ನ ಹೆಗಲ ಮೇಲೆ. ಕೊನೆಗೆ ಅಸಿಸ್ಟೆಂಟ್ ಹುಡುಗ ಉಪಾಯ ಹೇಳಿದ: "ಸಾರ್, ನೀವೇ ಎತ್ಕೊಂಡು ಹತ್ತಿ, ಆಮೇಲೆ ನಿಮ್ದು ಕಳೀತೀನಿ." ಎತ್ತಿಕೊಂಡು ಹತ್ತಿದೆ. ಇಳಿಸಿ ಒಬ್ಬನೇ ಹತ್ತಿದೆ. ಆ ಹುಡುಗನ ಗಂಟಲು ಬಸ್ ಸ್ಟ್ಯಾಂಡಿನಲ್ಲಿ ಊರ ಹೆಸರು ಕೂಗುವವರದ್ದು. "ಒಟ್ಟು 111, ಸಾರ್‌ದು 89, ಮುದ್ದೆ 22!" ಹೊರಗಿನ ಬೆಂಚಿನವರೆಗೂ ಕೇಳಿಸಿತು. ಮನೆಯಲ್ಲಿ ನಾನು 82 ಅಂತ ಹೇಳಿಕೊಂಡು ಬಂದಿದ್ದೆ. ಹೆಂಡತಿ ಏನೂ ಅನ್ನಲಿಲ್ಲ. ಕಾರ್ಡಿನಲ್ಲಿ ಎರಡೂ ನಂಬರ್ ಬರೆಸಿಕೊಂಡಳು, ಅಷ್ಟೇ.

ಮೊದಲನೇ ಸಲ ಅವನನ್ನು ಸ್ಟೀಲ್ ಟೇಬಲ್ ಮೇಲೆ ನಿಲ್ಲಿಸಿದಾಗ ದೊಡ್ಡದಾಗಿ ಆಕಳಿಸಿದ. ಆಮೇಲೆ ನಾಲಿಗೆಯಲ್ಲಿ ತುಟಿ ಸವರಿಕೊಂಡ. "ನೋಡಿ ಡಾಕ್ಟ್ರೇ, ಎಷ್ಟು ಆರಾಮಾಗಿದ್ದಾನೆ, ನಿದ್ದೆ ಬರ್ತಿದೆ, ಹಸಿವೂ ಆಗ್ತಿದೆ" ಅಂತ ಹೆಮ್ಮೆಯಿಂದ ಹೇಳಿದೆ. ಡಾಕ್ಟರಮ್ಮ ಮೊದಲು ಹಳ್ಳಿ ಕಡೆ ಹಸು ಎಮ್ಮೆ ನೋಡಿಕೊಂಡಿದ್ದವರು, ಮಾತು ಕಡಿಮೆ. "ಅದು ನಿದ್ದೆ ಅಲ್ಲ ಸಾರ್, ಭಯ. ತುಟಿ ನೆಕ್ಕೋದೂ ಭಯವೇ. ಕಣ್ಣಿನ ಬಿಳಿ ಕಾಣ್ತಿದೆ ನೋಡಿ" ಅಂದರು. ನೋಡಿದೆ. ತಲೆ ಅಲ್ಲಾಡಿಸದೆ ಕಣ್ಣನ್ನು ಮಾತ್ರ ಓರೆ ಮಾಡಿ ಸಿರಿಂಜ್ ಟ್ರೇಯನ್ನೇ ನೋಡುತ್ತಿದ್ದ. ಒಂದು ಸಲ ಬೆನ್ನು ಸವರಿದ್ದಕ್ಕೆ ಅಂಗೈ ತುಂಬಾ ಕೂದಲು ಬಂತು. ಆಮೇಲೆ ಅವನನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರು. ಟೇಬಲ್ ಮೇಲೆ ನಾಲ್ಕು ಪಾದದ ಗುರುತು ಒದ್ದೆ ಒದ್ದೆಯಾಗಿ ಮೂಡಿತ್ತು. ನಾಯಿಗಳು ಬೆವರುವುದು ಅಂಗಾಲಿನಲ್ಲಿ. ಫ್ಯಾನಿನ ಗಾಳಿಗೆ ಆ ನಾಲ್ಕು ಗುರುತು ಮೆಲ್ಲಗೆ ಆರುತ್ತಾ ಹೋಯಿತು. ನನಗೆ ಪಿಚ್ಚೆನ್ನಿಸಿತು. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ನನ್ನ ಪೇಪರಿನ ಅಂಚೂ ಹೀಗೇ ಒದ್ದೆಯಾಗಿತ್ತು.

ಆಮೇಲೆ ಥರ್ಮಾಮೀಟರ್. ಅದನ್ನು ಎಲ್ಲಿಡುತ್ತಾರೆ ಅಂತ ಗೊತ್ತಿಲ್ಲದವರಿಗೆ ನಾನು ಹೇಳುವುದಿಲ್ಲ, ಮುದ್ದೆಯ ಮರ್ಯಾದೆಯ ಪ್ರಶ್ನೆ. 102 ಅಂತ ತೋರಿಸಿತು. "ಅಯ್ಯೋ, ಜ್ವರ! ನಾಲ್ಕು ದಿನದಿಂದ ಮಂಕಾಗಿದ್ದ ಡಾಕ್ಟ್ರೇ, ನಿನ್ನೆ ಅನ್ನ ಬಿಟ್ಟಿದ್ದ" ಅಂತ ಶುರು ಮಾಡಿದೆ. "ನಾಯಿಗೆ 101ರಿಂದ 102.5ರವರೆಗೆ ನಾರ್ಮಲ್ ಸಾರ್" ಅಂದರು. ನಿನ್ನೆ ಅವನು ಅನ್ನ ಬಿಟ್ಟಿದ್ದು ಅದಕ್ಕೆ ಮುಂಚೆ ಅಮ್ಮ ಆರು ಇಡ್ಲಿ ಹಾಕಿದ್ದರಿಂದ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು.

ನನ್ನ ಗಾಬರಿಗೆ ಬೇರೆ ಕಾರಣವೂ ಇದೆ. ಮೂರನೇ ಕ್ಲಾಸಿನಲ್ಲಿದ್ದಾಗ ನನಗೆ ಬೀದಿ ನಾಯಿ ಕಚ್ಚಿತ್ತು. ಆಗಿನ ಲಸಿಕೆಯನ್ನು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದರು. ದಿನಕ್ಕೊಂದರಂತೆ ಹದಿನಾಲ್ಕು ಇಂಜೆಕ್ಷನ್, ಅದೂ ಹೊಕ್ಕುಳ ಸುತ್ತ. 2004ರ ಕೊನೆಗೆ ಆ ಲಸಿಕೆಯ ತಯಾರಿಕೆಯೇ ನಿಂತುಹೋಯಿತು. ಈಗ ತೋಳಿಗೆ ಚುಚ್ಚಿ ಕಳಿಸುತ್ತಾರೆ, ಇಂದಿನ ಮಕ್ಕಳು ಪುಣ್ಯವಂತರು. ರೇಬಿಸ್ ಲಕ್ಷಣ ಕಾಣಿಸಿಕೊಂಡರೆ ಆಮೇಲೆ ವಾಸಿ ಮಾಡುವ ಮದ್ದಿಲ್ಲ. ಹಾಗಾಗಿ ಮುದ್ದೆಗೆ ವರ್ಷಕ್ಕೊಂದು ಸೂಜಿ ತಪ್ಪಿಸುವ ಮಾತೇ ಇಲ್ಲ. ಆದರೆ ಸೂಜಿ ಕಂಡರೆ ನನ್ನ ಹೊಕ್ಕುಳ ಈಗಲೂ ತಾನಾಗಿಯೇ ಒಳಗೆ ಹೋಗುತ್ತದೆ. ಡಾಕ್ಟರಮ್ಮ ಸಿರಿಂಜ್ ತುಂಬಿ ಬೆರಳಲ್ಲಿ ಟಕ್ ಟಕ್ ಅಂತ ತಟ್ಟಿದರು. ನಾನು ಮುದ್ದೆಯ ತಲೆ ಹಿಡಿದುಕೊಂಡು ಗೋಡೆಯ ಕ್ಯಾಲೆಂಡರ್ ನೋಡಿದೆ. ಮುದ್ದೆಯೂ ನನ್ನ ಕಂಕುಳಲ್ಲಿ ಮೂತಿಯಿಟ್ಟು ಅದೇ ಕಡೆ ತಿರುಗಿದ. "ಆಯ್ತು" ಅಂದರು. ಅವನು ಕುಂಯ್ ಅಂತಲೂ ಅನ್ನಲಿಲ್ಲ. "ಹಾ" ಅಂದವನು ನಾನು. ಹುಡುಗ ನನಗೆ ಸ್ಟೂಲ್ ತಂದು ಹಾಕಿದ.

ಹೀಗೆ ನಾನು ಸ್ಟೂಲಿನ ಮೇಲೆ ನೀರು ಕುಡಿಯುತ್ತಿದ್ದ ಒಂದು ದಿನವೇ ಮುದ್ದೆ ತಪ್ಪಿಸಿಕೊಂಡಿದ್ದು. ಬೀದಿ ನಾಯಿಯ ಕತ್ತು ತಲೆಗಿಂತ ಜಾಸ್ತಿ ಸಣ್ಣದಿರುವುದಿಲ್ಲ. ರಿವರ್ಸ್ ಗೇರ್ ಹಾಕಿ ಒಂದೇ ಸಲ ಹಿಂದಕ್ಕೆ ಎಳೆದರೆ ಬೆಲ್ಟು ನಮ್ಮ ಕೈಯಲ್ಲಿ, ನಾಯಿ ರಸ್ತೆಯಲ್ಲಿ. ನಾನು, ಹೆಂಡತಿ, ಗಂಟಲಿನ ಹುಡುಗ ಮೂವರೂ "ಮುದ್ದೆ! ಮುದ್ದೆ!" ಅಂತ ಕೂಗಿಕೊಂಡು ಓಡಿದೆವು. ಪಕ್ಕದ ಮೆಸ್ಸಿನವರು ಹೊರಗೆ ಬಂದು "ಖಾಲಿ ಸಾರ್, ಚಪಾತಿ ಇದೆ" ಅಂದರು. ಮೂಲೆಯಲ್ಲಿ ಒಂದು ಆಟೋ ನಿಂತಿತ್ತು. ಹಿಂದಿನ ಸೀಟಿನ ನಟ್ಟನಡುವೆ ನಮ್ಮ ಮುದ್ದೆ, ಮುಂದೆ ನೋಡುತ್ತಾ ಗಂಭೀರವಾಗಿ ಕೂತಿದ್ದ. ಆಟೋದವರು ಬೀಡಿ ಆರಿಸಿ ನನ್ನ ಕಡೆ ತಿರುಗಿ, "ಎಲ್ಲಿಗೆ ಅಂತ ಕೇಳ್ತಾನೇ ಇದ್ದೀನಿ ಸಾರ್, ಮಾತಾಡ್ತಿಲ್ಲ" ಅಂದರು. ಇಳಿಸಲು ಹೋದರೆ ಇಳಿಯಲಿಲ್ಲ. ಕೊನೆಗೆ ಹೆಂಡತಿ ಕಾರಿನಲ್ಲಿ ಮುಂದೆ, ನಾನು ಮುದ್ದೆ ಆಟೋದಲ್ಲಿ ಹಿಂದೆ. ಮೀಟರ್ ಮೇಲೆ ಇಪ್ಪತ್ತು ರೂಪಾಯಿ ಜಾಸ್ತಿ ಕೇಳಿದರು, ಕೂದಲು ಗುಡಿಸುವ ಚಾರ್ಜು. ನ್ಯಾಯವೇ.

ಡಾಕ್ಟರಮ್ಮ ಒಂದು ಉಪಾಯ ಹೇಳಿದ್ದರು: ಸೂಜಿ ಇಲ್ಲದ ದಿನವೂ ಸುಮ್ನೆ ಬಂದು ಹೋಗಿ. ಒಳಗೆ ಬರಲಿ, ಒಂದು ಬಿಸ್ಕತ್ ತಿನ್ನಲಿ, ಹೋಗಲಿ. ಮೂರು ಮಂಗಳವಾರ ಕರೆದುಕೊಂಡು ಹೋದೆವು. ಮೊದಲನೇ ವಾರ ಬಾಗಿಲಿನವರೆಗೆ, ಎರಡನೇ ವಾರ ಬೆಂಚಿನವರೆಗೆ, ಮೂರನೇ ವಾರ ತಾನಾಗಿಯೇ ತೂಕದ ಯಂತ್ರ ಹತ್ತಿ ನಿಂತ. 24 ತೋರಿಸಿತು. "ಎಷ್ಟು ಬಿಸ್ಕತ್ ಹಾಕ್ತೀರಿ ಮನೇಲಿ?" ಅಂದರು ಡಾಕ್ಟರಮ್ಮ. ಅಮ್ಮ ಮೇಲಿನ ಫ್ಯಾನ್ ನೋಡಿದರು. ಆವತ್ತೇ ಮೊದಲ ಸಲ ಅವರು ಜೊತೆಗೆ ಬಂದಿದ್ದು. "ದನದ ಡಾಕ್ಟ್ರು ಇಷ್ಟು ಚಿಕ್ಕ ಹುಡುಗಿ ಅಂತ ಗೊತ್ತಿರಲಿಲ್ಲ ಕಣವ್ವ" ಅಂತ ಮಾತು ಬದಲಾಯಿಸಿದರು. ಈಗ ಮುದ್ದೆ ತೂಕದವರೆಗೆ ಖುಷಿಯಾಗಿ ಬರುತ್ತಾನೆ. ಅಲ್ಲಿಂದ ಟೇಬಲ್ ಇರುವ ಆರು ಹೆಜ್ಜೆ ಮಾತ್ರ ನಾನು ಹೊತ್ತುಕೊಂಡೇ ಹೋಗಬೇಕು.

ಮನೆಯ ಕಷ್ಟ ಮಾತ್ರೆಯದ್ದು. ಮೂರು ತಿಂಗಳಿಗೊಮ್ಮೆ ಜಂತುಹುಳುವಿನ ಮಾತ್ರೆ ಕೊಡಬೇಕು. ಇಡ್ಲಿಯಲ್ಲಿ ಇಟ್ಟೆ: ಇಡ್ಲಿ ತಿಂದು, ಮಾತ್ರೆಯನ್ನು ಸೀತಾಫಲದ ಬೀಜದ ಹಾಗೆ ಉಗುಳಿದ. ಬಾಳೆಹಣ್ಣಿನಲ್ಲಿಟ್ಟರೂ ಅದೇ ಕಥೆ. ಪುಡಿ ಮಾಡಿ ಮೊಸರನ್ನಕ್ಕೆ ಕಲಸಿದರೆ ತಟ್ಟೆಯನ್ನೇ ನೋಡಲಿಲ್ಲ. ಅಮ್ಮ ಇದನ್ನೆಲ್ಲ ನೋಡಿ ನೋಡಿ, "ನಿಮಗೆಲ್ಲ ಓದಿದ ಬುದ್ಧಿ. ಅಗಿಯೋ ಊಟದಲ್ಲಿ ಮಾತ್ರೆ ಇಟ್ರೆ ಸಿಕ್ಕಿಬೀಳದೆ ಇನ್ನೇನು? ಅಗೀದೆ ನುಂಗೋ ಊಟದಲ್ಲಿ ಇಡಬೇಕು" ಅಂದು ಒಳಗೆ ಹೋದರು. ಬಿಸಿ ರಾಗಿ ಮುದ್ದೆ ಕಟ್ಟಿ, ಆರಿಸಿ, ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ, ನಡುವೆ ಮಾತ್ರೆ ಇಟ್ಟು, ಮಜ್ಜಿಗೆಯಲ್ಲಿ ಅದ್ದಿದರು. ಸಾರಿನಲ್ಲಿ ಅದ್ದುವ ಹಾಗಿಲ್ಲ, ನಾಯಿಗೆ ಈರುಳ್ಳಿ ವಿಷ. ಮುದ್ದೆ ಬಾಯಿ ತೆಗೆದ, ಮುದ್ದೆ ಗುಳುಂ ಅಂತ ಇಳಿಯಿತು. ಹಲ್ಲಿಗೆ ತಾಗಲೇ ಇಲ್ಲ. ಮಂಡ್ಯದಲ್ಲಿ ಹುಟ್ಟಿ ಬೆಳೆದ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಹೋದ ತಿಂಗಳು ಮೂರನೇ ತಾರೀಖು ಅಮ್ಮ ಬ್ಯಾಂಕಿಗೆ ಹೊರಟರು. ಪಾಸ್‌ಬುಕ್ಕನ್ನು ಮಂಚದ ಮೇಲಿಟ್ಟು ಕನ್ನಡಕ ಹುಡುಕಲು ಹೋದರು. ವಾಪಸ್ ಬರುವಷ್ಟರಲ್ಲಿ ಮಂಚದ ಕೆಳಗಿದ್ದವನು ಅಂತೂ ಒಂದು ತೀರ್ಮಾನಕ್ಕೆ ಬಂದಿದ್ದ. ಮೊದಲ ನಾಲ್ಕು ಹಾಳೆ ಇರಲಿಲ್ಲ. ಐದನೆಯದು ಅವನ ಬಾಯಲ್ಲಿತ್ತು. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. "ಪ್ಲಾಸ್ಟಿಕ್ ಕವರ್ ನುಂಗಿದ್ದಾನಾ?" ಇಲ್ಲ. "ವಾಂತಿ?" ಇಲ್ಲ. "ಹಾಗಾದ್ರೆ ಕರ್ಕೊಂಡ್ ಬರೋದೇನೂ ಬೇಡ, ಮನೇಲೇ ನೋಡ್ಕೊಳ್ಳಿ." ಮುದ್ದೆ ಬಾಲ ಅಲ್ಲಾಡಿಸಿದ.

ಹೊಸ ಪಾಸ್‌ಬುಕ್ ಬೇಕಾದರೆ ಅರ್ಜಿ ಕೊಡಬೇಕು, ಕಾರಣ ಬರೆಯಬೇಕು ಅಂದರಂತೆ ಬ್ಯಾಂಕಿನಲ್ಲಿ. ಅಮ್ಮ ಹಳೇ ಕಾಲದ ಏಳನೇ ಕ್ಲಾಸು, ಅಕ್ಷರ ಮುತ್ತಿನ ಹಾಗೆ. "ಸದರಿ ಪಾಸ್‌ಬುಕ್ಕಿನ ಮೊದಲ ಐದು ಹಾಳೆಗಳು ಮುದ್ದೆ ತಿಂದು ಹಾಳಾಗಿರುತ್ತವೆ" ಅಂತ ಬರೆದು ಕೊಟ್ಟರು. ಕೌಂಟರಿನ ಹುಡುಗಿ ಓದಿದಳು. ಇನ್ನೊಂದು ಸಲ ಓದಿದಳು. ಆಮೇಲೆ ತಲೆಯೆತ್ತಿ, "ಊಟಕ್ಕೆ ಕೂತಾಗ ಇದನ್ನೆಲ್ಲ ದೂರ ಇಡಬೇಕಲ್ವಾ ಅಜ್ಜಿ?" ಅಂದಳಂತೆ.