ಎಲ್ಲ ಗೋಡೆಗೂ ಕ್ರೀಮ್

ಕಳೆದ ವರ್ಷ ನನ್ನ ಹುಟ್ಟುಹಬ್ಬಕ್ಕೆ ಮಗಳು ಒಂದು ಪುಸ್ತಕ ತಂದುಕೊಟ್ಟಳು. ಬಿಚ್ಚಿ ನೋಡಿದರೆ ಓದೋಕೆ ಒಂದಕ್ಷರ ಇಲ್ಲ. ಪುಟಕ್ಕೊಂದು ಕೋಣೆಯ ಚಿತ್ರ. ಸೋಫಾ, ದೀಪ, ಪರದೆ, ಕಪಾಟು, ಕುಂಡದಲ್ಲಿ ಗಿಡ. ಎಲ್ಲ ಬರೀ ಕಪ್ಪು ಗೆರೆ. ಬಣ್ಣ ನಾವು ತುಂಬಬೇಕಂತೆ. ಜೊತೆಗೆ 24 ಬಣ್ಣದ ಪೆನ್ಸಿಲ್ ಡಬ್ಬಿ. ನನ್ನ ಮುಖ ನೋಡಿ ಅವಳೇ "ಅಮ್ಮಾ, ಇದು ದೊಡ್ಡವರಿಗೇ ಮಾಡಿರೋದು" ಅಂದಳು.

52 ವರ್ಷದ ಹೆಂಗಸಿಗೆ ಡ್ರಾಯಿಂಗ್ ಪುಸ್ತಕ. ಆಯ್ತಮ್ಮ ಅಂತ ಹೇಳಿ ಟಿವಿ ಪಕ್ಕ ಇಟ್ಟೆ.

ಅದು ಅಲ್ಲೇ ಒಂದು ವಾರ ಧೂಳು ಹಿಡಿಯಿತು. ಆಮೇಲೊಂದು ಭಾನುವಾರ ಮಧ್ಯಾಹ್ನ ಜೋರು ಮಳೆ, ಕರೆಂಟಿಲ್ಲ, ಫೋನಿನಲ್ಲಿ ಚಾರ್ಜಿಲ್ಲ. ಕಿಟಕಿ ಪಕ್ಕ ಕೂತು ಮೊದಲ ಪುಟ ತೆಗೆದೆ. ಒಂದು ಹಾಲ್. ಉದ್ದನೆಯ ಸೋಫಾ, ಅದರ ಹಿಂದೆ ದೊಡ್ಡ ಖಾಲಿ ಗೋಡೆ. ನನ್ನ ಡಬ್ಬಿಯಲ್ಲಿ ಕ್ರೀಮ್ ಬಣ್ಣದ ಪೆನ್ಸಿಲ್ ಇರಲಿಲ್ಲ. ತಿಳಿ ಹಳದಿಯನ್ನು ಒತ್ತದೆ ಹಗುರವಾಗಿ ಉಜ್ಜಿ, ಅದರ ಮೇಲೆ ಕಂದು ಪೆನ್ಸಿಲನ್ನು ತಾಗಿಸಿಯೂ ತಾಗಿಸದ ಹಾಗೆ ಎಳೆದು, ಕ್ರೀಮ್ ಮಾಡಿಕೊಂಡೆ. ಮುಕ್ಕಾಲು ಗಂಟೆ ಹಿಡಿಯಿತು. ಮಾರನೇ ದಿನ ಎರಡನೇ ಪುಟ, ಮಲಗುವ ಕೋಣೆ. ಗೋಡೆಗೆ ಕ್ರೀಮ್. ಮೂರನೇ ದಿನ ಅಡುಗೆಮನೆ. ಅದಕ್ಕೂ ಕ್ರೀಮ್, ಅಂಚಿಗೆ ಕಾಫಿ ಬಣ್ಣ. ಗಿಳಿಹಸಿರು, ನೇರಳೆ, ಕಿತ್ತಳೆ ಡಬ್ಬಿಯಲ್ಲಿ ಚೂಪಾಗಿ ನಿಂತೇ ಇದ್ದವು. ಒಂದನ್ನೂ ಮುಟ್ಟಿರಲಿಲ್ಲ.

ಶನಿವಾರ ಬೆಂಗಳೂರಿನಿಂದ ಬಂದ ಮಗಳು ಪುಟ ತಿರುವಿ ನಗುತ್ತಾ ಕೇಳಿದಳು. "ಅಮ್ಮಾ, ಇದು ನಮ್ಮನೆ ಹಾಲ್ ಅಲ್ವಾ?"

ಹೌದಲ್ಲ! ಯಾರೂ ಕೇಳದೆ, ಯಾರೂ ಹೇಳದೆ, ಇಲ್ಲದ ಬಣ್ಣವನ್ನು ಕಷ್ಟಪಟ್ಟು ಕಲಸಿ ನಮ್ಮನೆ ಗೋಡೆಯನ್ನೇ ಮತ್ತೆ ಬಳಿದಿದ್ದೆ.

ನಮ್ಮ ಮನೆ ಮೈಸೂರಿನಲ್ಲಿ 2009ರಲ್ಲಿ ಕಟ್ಟಿಸಿದ್ದು. ಗೋಡೆಗೆ ಏನು ಬಣ್ಣ ಅಂತ ಪೇಂಟರ್ ಕೇಳಿದ್ದು ನಮ್ಮ ಯಜಮಾನರನ್ನು. ಅವರು ಕೇಳಿದ್ದು ಕಂಟ್ರಾಕ್ಟರನ್ನು. ಕಂಟ್ರಾಕ್ಟರ್ "ಐವರಿ ಹಾಕ್ಸಿ ಸಾರ್, ಸೇಫು" ಅಂದರು. ಐವರಿ ಅಂದರೆ ಇದೇ ಕ್ರೀಮ್. ನೆಲಕ್ಕೆ ಅದೇ ಜಾತಿಯ ಟೈಲ್ಸ್. ಅಡುಗೆಕಟ್ಟೆಗೆ ಕರಿ ಗ್ರಾನೈಟ್, ಯಾಕಂದ್ರೆ ಎಲ್ಲರೂ ಹಾಕಿಸೋದು ಅದೇ. ವಾಸ್ತು ನೋಡಿದವರು ಎರಡು ಬಣ್ಣ ಬೇಡ ಅಂದರು, ಅತ್ತೆ ಇನ್ನೊಂದು ಬೇಡ ಅಂದರು. ಸಾಲದ ಕಂತು ನನ್ನ ಸಂಬಳದಿಂದಲೂ ಕಟ್ ಆಗುತ್ತಿತ್ತು, ಅದನ್ನು ಮಾತ್ರ ಎಲ್ಲರೂ ನೆನಪಿಟ್ಟುಕೊಂಡಿದ್ದರು. ಹಾಗಂತ ನನ್ನನ್ನು ಯಾರೋ ಅದುಮಿಟ್ಟರು ಅಂತ ಅಳುತ್ತಿಲ್ಲ. ನಾನೂ ಬಾಯಿ ಬಿಡಲಿಲ್ಲ. ಕೇಳಿದ್ದರೂ ಏನು ಹೇಳುತ್ತಿದ್ದೆನೋ. ನನಗೆ ಯಾವ ಬಣ್ಣ ಇಷ್ಟ ಅಂತ ಸೀರೆ ಅಂಗಡಿಯಲ್ಲಿ ಗೊತ್ತಿತ್ತು, ಮನೆಗೆ ಗೊತ್ತಿರಲಿಲ್ಲ.

ಅದಕ್ಕೇ ಈ ಪುಸ್ತಕಗಳನ್ನು 'ಸ್ಟ್ರೆಸ್ ಹೋಗುತ್ತೆ' ಅಂತ ಮಾರುವುದನ್ನು ಕಂಡರೆ ನನಗೆ ಸಣ್ಣ ತಕರಾರು. ಹೋಗುತ್ತೆ, ಇಲ್ಲ ಅನ್ನಲ್ಲ. ಆದರೆ ಮನೆ ಒಳಾಂಗಣದ ಪುಸ್ತಕ ಮಾಡುವ ಕೆಲಸ ಬೇರೆ. ಹೂವು, ಮಂಡಲಕ್ಕೆ (ವೃತ್ತದೊಳಗೆ ಹೆಣೆದ ವಿನ್ಯಾಸ) ಬಣ್ಣ ತುಂಬುವಾಗ ಯಾವುದು ಹಾಕಿದರೂ ನಡೆಯುತ್ತೆ. ನವಿಲಿಗೆ ಗುಲಾಬಿ ಬಳಿದರೂ ನವಿಲು ಬೇಜಾರು ಮಾಡಿಕೊಳ್ಳಲ್ಲ. ಕೋಣೆಗೆ ಹಾಗಾಗಲ್ಲ. ಪೆನ್ಸಿಲ್ ಎತ್ತಿದ ಕೂಡಲೇ 'ಇಲ್ಲಿ ನಾನಿದ್ದರೆ?' ಅನ್ನೋ ಪ್ರಶ್ನೆ ಬಂದು ಕೂರುತ್ತೆ.

2005ರಲ್ಲಿ ಅಮೆರಿಕದಲ್ಲಿ ಕರ್ರಿ ಮತ್ತು ಕಾಸರ್ ಅನ್ನುವ ಇಬ್ಬರು ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ದರು. 84 ಕಾಲೇಜು ವಿದ್ಯಾರ್ಥಿಗಳು. ಮೊದಲು ಅವರಿಗೆ ಸ್ವಲ್ಪ ಆತಂಕ ಹುಟ್ಟಿಸಿ, ಆಮೇಲೆ 20 ನಿಮಿಷ ಬಣ್ಣ ಹಚ್ಚಲು ಕೂರಿಸಿದರು. ಕೆಲವರಿಗೆ ಮಂಡಲ, ಕೆಲವರಿಗೆ ಲುಂಗಿಯಲ್ಲಿರುವಂಥ ಚೌಕಳಿ, ಉಳಿದವರಿಗೆ ಖಾಲಿ ಹಾಳೆ. ಮಂಡಲ, ಚೌಕಳಿಯವರ ಆತಂಕ ಇಳಿಯಿತು. ಖಾಲಿ ಹಾಳೆಯವರದ್ದು ಹಾಗೆ ಇಳಿಯಲಿಲ್ಲ. ಇದನ್ನು ಓದಿದಾಗ ನನಗೆ ಆ ಖಾಲಿ ಹಾಳೆಯ ಹುಡುಗರ ಮೇಲೇ ಕನಿಕರ ಬಂತು. 'ನಿಮಗಿಷ್ಟ ಬಂದದ್ದು ಮಾಡಿ' ಅಂದರೆ ಕೈ ಓಡುತ್ತಾ? ಗೆರೆ ಯಾರಾದರೂ ಹಾಕಿಕೊಡಬೇಕು. ಇದು ಗೋಡೆ, ಇದು ಕಿಟಕಿ, ಇಷ್ಟರೊಳಗೆ ನಿನ್ನ ಆಟ ಅಂದರೆ ಧೈರ್ಯ ಬರುತ್ತೆ. (ಇದನ್ನೇ ಚಿಕಿತ್ಸೆ ಅಂದುಕೊಳ್ಳಬೇಡಿ. ನಿದ್ದೆ ಬರದಷ್ಟು ಕಳವಳ ಇದ್ದವರು ಡಾಕ್ಟರ ಹತ್ತಿರವೇ ಹೋಗಬೇಕು, ಪೆನ್ಸಿಲ್ ಡಬ್ಬಿ ಹತ್ತಿರ ಅಲ್ಲ.)

ದೊಡ್ಡವರ ಬಣ್ಣದ ಪುಸ್ತಕ ಮೊನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. ಜಗತ್ತಿಗೆಲ್ಲ ಹುಚ್ಚು ಹತ್ತಿದ್ದು ಸ್ಕಾಟ್ಲೆಂಡಿನ ಚಿತ್ರಗಾರ್ತಿ ಜೊಹಾನಾ ಬಾಸ್ಫೋರ್ಡ್ 2013ರಲ್ಲಿ ಹೊರತಂದ ತೋಟದ ಚಿತ್ರಗಳ ಪುಸ್ತಕದಿಂದ, ನಿಜ. ಪ್ರಕಾಶಕರು ಕೇಳಿದ್ದು ಮಕ್ಕಳ ಪುಸ್ತಕ. ಆಕೆ ದೊಡ್ಡವರಿಗೆ ಮಾಡ್ತೀನಿ ಅಂದರಂತೆ. ಅದರ ಗಾಳಿ ಎಷ್ಟು ಜೋರಾಯ್ತು ಅಂದರೆ 2016ರಲ್ಲಿ ಜರ್ಮನಿಯ ಫೇಬರ್ ಕ್ಯಾಸೆಲ್ ಕಂಪನಿ ಬಣ್ಣದ ಪೆನ್ಸಿಲ್ ಪೂರೈಸಲು ಹೆಚ್ಚುವರಿ ಪಾಳಿ ನಡೆಸಬೇಕಾಯಿತು. ಆದರೆ ನನಗೆ ಖುಷಿ ಕೊಟ್ಟದ್ದು ಇದಕ್ಕಿಂತ ಹಳೇದು. 1961ರಲ್ಲಿ ಅಮೆರಿಕದಲ್ಲಿ ಆಫೀಸಿನ ಸಾಹೇಬರನ್ನು ಗೇಲಿ ಮಾಡುವ ಬಣ್ಣದ ಪುಸ್ತಕವೊಂದು ಬಂದಿತ್ತು. ಅದರಲ್ಲಿ ಸಾಹೇಬರ ಸೂಟಿಗೆ ಬೂದು ಬಣ್ಣವನ್ನೇ ತುಂಬಬೇಕು, ಬೇರೆ ತುಂಬಿದರೆ ಅವರ ಕೆಲಸ ಹೋಗುತ್ತೆ ಅನ್ನೋ ಧಾಟಿಯ ತಮಾಷೆ. ಇದನ್ನು ಓದಿ ನಮ್ಮ ಕಂಟ್ರಾಕ್ಟರ್ ನೆನಪಾದರು. ಅವರಿಗೆ ಬೂದು, ನಮಗೆ ಐವರಿ.

ನಾಲ್ಕನೇ ಪುಟಕ್ಕೆ ಹಟ ಹಿಡಿದು ಕೂತೆ. ಕ್ರೀಮ್ ಮಾಡಬಾರದು, ಅಷ್ಟೇ ನಿಯಮ. ಗೋಡೆಗೆ ಕಡು ನೀಲಿ ಶುರು ಮಾಡಿ ಅರ್ಧಕ್ಕೆ ಎದೆ ಡವಡವ. ಕಾಗದದ ಮೇಲಿನ ಗೋಡೆಗೆ ಯಾಕಮ್ಮಾ ಇಷ್ಟು ಭಯ ಅಂತ ನನ್ನನ್ನೇ ಬೈದುಕೊಂಡೆ. ಆ ಪುಟ ಕೆಟ್ಟಿತು, ಗವಿಯ ಹಾಗೆ ಕಂಡಿತು. ಯಾಕೆ ಕೆಟ್ಟಿತು ಅಂತ ನೋಡುತ್ತಾ ಕೂತಾಗ ಒಂದು ವಿಷಯ ಹೊಳೆಯಿತು. ಚಿತ್ರದಲ್ಲಿ ಕಿಟಕಿ ಎಡಗಡೆ ಇತ್ತು. ನಾನು ನಾಲ್ಕೂ ಕಡೆ ಒಂದೇ ಸಮ ಬಳಿದಿದ್ದೆ. ಬೆಳಕು ಬರುವ ಕಡೆ ಬಣ್ಣ ತಿಳಿ, ಮೂಲೆಗೆ ಹೋದಂತೆ ಗಾಢ ಆಗಬೇಕು. ಎದ್ದು ಹೋಗಿ ನಮ್ಮ ಹಾಲ್ ನೋಡಿದೆ. ಬರೀ ಐವರಿ ಅಂದುಕೊಂಡಿದ್ದ ಗೋಡೆಯಲ್ಲಿ ಐದಾರು ಬಣ್ಣ ಇತ್ತು. ಕಿಟಕಿ ಪಕ್ಕ ಬೆಣ್ಣೆ, ಫ್ಯಾನಿನ ಕೆಳಗೆ ಸ್ವಲ್ಪ ಬೂದು, ಬಾಗಿಲ ಹಿಂದೆ ತೆಳು ನೇರಳೆ ಅನ್ನಬಹುದಾದ ನೆರಳು. ಹದಿನೈದು ವರ್ಷ ಆ ಗೋಡೆಗೆ ಒರಗಿ ಟಿವಿ ನೋಡಿದ್ದೀನಿ.

ಈಗ ಬಿಳಿ ಗೋಡೆಗೂ ನಾನು ಬಿಳಿ ಹಚ್ಚಲ್ಲ. ಕಾಗದ ಹಾಗೇ ಬಿಟ್ಟು, ಮೂಲೆಗೆ ಮಾತ್ರ ತೆಳ್ಳಗೆ ನೀಲಿ-ಬೂದು ಎಳೆದರೆ ಗೋಡೆ ತಾನೇ ಬೆಳ್ಳಗಾಗುತ್ತೆ.

ನನ್ನ ಮಗ ಬೇರೆ ಥರ. "ಇದಕ್ಕೆ ಆ್ಯಪ್ ಇದೆಯಲ್ಲಮ್ಮಾ. ಗೋಡೆ ಫೋಟೋ ತೆಗೆದು ಒತ್ತಿದ್ರೆ ಬಣ್ಣ ಬದಲಾಗುತ್ತೆ, ಒಂದು ಸೆಕೆಂಡ್" ಅಂದ. ನೋಡಿದೆ. ಹತ್ತು ನಿಮಿಷದಲ್ಲಿ ನಲವತ್ತು ಬಣ್ಣ ನೋಡಿ, ಒಂದೂ ನೆನಪಿಲ್ಲದೆ ಫೋನ್ ವಾಪಸ್ ಕೊಟ್ಟೆ. ಬೆರಳ ತುದಿಯಲ್ಲಿ ಬಂದದ್ದು ಬೆರಳ ತುದಿಯಲ್ಲೇ ಹೋಗುತ್ತೆ. ಪೆನ್ಸಿಲ್ ಹಾಗಲ್ಲ. ಬೆಳಕು-ನೆರಳು ನೋಡಿ ತುಂಬಿದರೆ ಒಂದು ಗೋಡೆ ಮುಗಿಸಲು ನಾಲ್ಕು ಸಂಜೆ ಬೇಕು. ನಾಲ್ಕು ಸಂಜೆ ಒಂದೇ ಬಣ್ಣದ ಜೊತೆ ಕೂತರೆ ಅದು ಹೇಗೆ ಸಾಕಾಗುತ್ತೆ ಅನ್ನೋದೂ ಗೊತ್ತಾಗುತ್ತೆ. ಕಿತ್ತಳೆ ನನಗೆ ಎರಡನೇ ಸಂಜೆಗೇ ತಲೆನೋವು ತರಿಸಿತು. ಅಂಗಡಿಯ ಶೇಡ್ ಕಾರ್ಡಿನಲ್ಲಿ ಅದು ಎಷ್ಟು ಮುದ್ದಾಗಿತ್ತು!

ಇನ್ನು ಮೋಸ ಹೋದ ಕಥೆ. ಮೊದಲ ಪುಸ್ತಕ ಮುಗಿಯುತ್ತಾ ಬಂದಾಗ ಆನ್‌ಲೈನಿನಲ್ಲಿ ಇನ್ನೊಂದು ತರಿಸಿದೆ. ರಕ್ಷಾಪುಟ ಬಲು ಸೊಗಸು. ಒಳಗೆ ನೋಡಿದರೆ ಮೆಟ್ಟಿಲು ನೇರ ಗೋಡೆಗೆ ಹೋಗಿ ಮುಗಿಯುತ್ತೆ. ಸೋಫಾಕ್ಕೆ ಮುಂದೆ ಮೂರು ಕಾಲು, ಹಿಂದೆ ಒಂದೂ ಇಲ್ಲ. ಒಂದು ಪುಟದಲ್ಲಿ ಪರದೆಯ ಕಂಬಿಯಿಂದಲೇ ಫ್ಯಾನಿನ ರೆಕ್ಕೆ ಬೆಳೆದಿತ್ತು. ಬರೆದವರ ಹೆಸರು ಎಲ್ಲೂ ಇಲ್ಲ. ಬರೆದಿದ್ದರೆ ತಾನೇ ಹೆಸರು? ಕಂಪ್ಯೂಟರಿಗೆ ಹೇಳಿ ಉಗುಳಿಸಿದ ಚಿತ್ರಗಳು. ನಾನು ಕೊಂಡದ್ದು ಅಮೆಜಾನಿನಿಂದ ಅಲ್ಲ, ಆದರೂ ಹೇಳ್ತೀನಿ. ಅಮೆಜಾನಿನ ಸ್ವಯಂ ಪ್ರಕಟಣೆ ವಿಭಾಗ 2023ರ ಸೆಪ್ಟೆಂಬರಿನಲ್ಲಿ, ಎಐ ಬಳಸಿ ಮಾಡಿದ್ದರೆ ತಮಗೆ ತಿಳಿಸಬೇಕು, ದಿನಕ್ಕೆ 3ಕ್ಕಿಂತ ಹೆಚ್ಚು ಹೊಸ ಪುಸ್ತಕ ಏರಿಸುವಂತಿಲ್ಲ ಅಂತ ನಿಯಮ ತಂದಿತು. ದಿನಕ್ಕೆ ಮೂರು ಅನ್ನೋದು ಮಿತಿ ಅಂತೆ! ಒಂದು ಕೋಣೆಗೆ ಬಣ್ಣ ತುಂಬೋಕೇ ನನಗೆ ವಾರ ಬೇಕು.

ಹೂವಿನ ಪುಸ್ತಕದಲ್ಲಿ ಇಂಥದ್ದು ನುಸುಳಿದರೆ ಕಣ್ಣಿಗೆ ಬೀಳಲ್ಲ, ದಳ ಒಂದು ಜಾಸ್ತಿ ಇದ್ದರೇನು. ಮನೆಯ ಚಿತ್ರದಲ್ಲಿ ತಕ್ಷಣ ಸಿಕ್ಕಿಬೀಳುತ್ತೆ. ಕೊಳ್ಳುವ ಮುಂಚೆ ಒಳಪುಟ ತೋರಿಸಿದ್ದಾರಾ ನೋಡಿ. ಕುರ್ಚಿ ಕಾಲು ಎಣಿಸಿ. ಕಾಗದ 120 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಮೇಲಿದ್ದರೆ ಪೆನ್ಸಿಲಿಗೆ ಚೆನ್ನ. ಸ್ಕೆಚ್ ಪೆನ್, ಮಾರ್ಕರ್ ಬಳಸುವವರು ಒಂದೇ ಮಗ್ಗುಲಿಗೆ ಅಚ್ಚು ಹಾಕಿದ್ದನ್ನೇ ತಗೊಳ್ಳಿ, ಇಲ್ಲದಿದ್ದರೆ ಈ ಪುಟದ ಪರದೆ ಆ ಪುಟದ ಬಚ್ಚಲಿಗೆ ಇಳಿಯುತ್ತೆ.

ಒಳ್ಳೆಯ ಪುಸ್ತಕದಲ್ಲೂ ನನಗೊಂದು ಕೊರಗು ಇದೆ. ಎಲ್ಲ ಕೋಣೆಯಲ್ಲೂ ಬೆಂಕಿಗೂಡು, ಕಾಲಿರುವ ಸ್ನಾನದ ತೊಟ್ಟಿ, ಹಿಮ ಕಾಣುವ ಕಿಟಕಿ. ಯಾವ ಮನೆಯಲ್ಲೂ ಪೊರಕೆ ಇಲ್ಲ. ಗ್ಯಾಸ್ ಸಿಲಿಂಡರ್ ಇಲ್ಲ. ಬಾಗಿಲ ಹತ್ತಿರ ಚಪ್ಪಲಿ ಇಲ್ಲ, ಗೋಡೆಯಲ್ಲಿ ಕ್ಯಾಲೆಂಡರ್ ಇಲ್ಲ. ನಾನು ಪೆನ್ನು ತಗೊಂಡು ಸೇರಿಸೋಕೆ ಶುರು ಮಾಡಿದೆ. ಬೆಂಕಿಗೂಡಿನ ಮೇಲೆ ದೇವರ ಫೋಟೋ ಇಟ್ಟು ಊದುಬತ್ತಿ ಹಚ್ಚಿದೆ. ಆ ತೊಟ್ಟಿ ಪಕ್ಕ ಒಂದು ತಾಮ್ರದ ಹಂಡೆ. ಸೋಫಾ ಬೆನ್ನ ಮೇಲೆ ಒದ್ದೆ ಟವೆಲ್ (ಇದು ಯಾರದ್ದು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು).

ನಮ್ಮ ಮನೆಗಳನ್ನು ಯಾರಾದರೂ ಹೀಗೆ ಗೆರೆಯಲ್ಲಿ ಬರೆದುಕೊಡಬಾರದಾ? ತೊಟ್ಟಿಮನೆಯ ಕಂಬಗಳ ನಡುವೆ ಬೀಳುವ ಮಧ್ಯಾಹ್ನದ ಬಿಸಿಲು. ಬಸವನಗುಡಿ ಕಡೆಯ ಹಳೆ ವಠಾರ. ಚಿಕ್ಕಮಗಳೂರಿನ ತೋಟದ ಮನೆಯ ಜಗಲಿ, ಮೇಲೆ ಮಂಗಳೂರು ಹೆಂಚು. ರೈಲ್ವೆ ಕ್ವಾರ್ಟರ್ಸಿನ ಒಂದೂವರೆ ಕೋಣೆ. ಕೆಂಪು ರೆಡ್ ಆಕ್ಸೈಡ್ ನೆಲದ ಮೇಲೆ ಕಿಟಕಿ ಸರಳಿನ ನೆರಳು. ಆ ನೆಲದ ಕೆಂಪನ್ನು ಪೆನ್ಸಿಲಿನಲ್ಲಿ ತರೋಕೆ ಒಂದು ತಿಂಗಳು ಕೂತರೂ ನನಗೆ ಬೇಜಾರಿಲ್ಲ.

ಕೆಂಪು ಅಂದಾಗ ಅಜ್ಜಿ ನೆನಪಾದಳು. ತಿಪಟೂರಿನ ಹತ್ತಿರ ನಮ್ಮ ಹಳ್ಳಿ. ಹಬ್ಬ ಹತ್ತಿರ ಬಂದರೆ ಸುಣ್ಣ-ಕಾರಣೆ. ಸುಣ್ಣಕ್ಕೆ ಒಂದು ಚಿಟಿಕೆ ನೀಲಿ ಹಾಕಿ ಗಂಡಾಳು ಮೇಲೆಲ್ಲ ಬಳಿಯುತ್ತಿದ್ದ. ಕೆಳಗಿನ ಕೆಮ್ಮಣ್ಣಿನ ಪಟ್ಟಿ ಅಜ್ಜಿಯದ್ದು. ಎಷ್ಟು ಅಗಲ, ಎಲ್ಲಿ ನಿಲ್ಲಬೇಕು, ಹೊಸ್ತಿಲ ಪಕ್ಕ ಬಿಳಿ ಬೊಟ್ಟು ಬೇಕಾ ಬೇಡ್ವಾ, ಎಲ್ಲ ಅವಳೇ. ತಾತ ಅಭಿಪ್ರಾಯ ಹೇಳಿದ್ದು ನನಗೆ ನೆನಪಿಲ್ಲ. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಇವತ್ತಿಗೂ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಹಸೆ ಚಿತ್ತಾರ ಬರೆಯುತ್ತಾರೆ. ಅಜ್ಜಿಗೆ ಓದು ಬರುತ್ತಿರಲಿಲ್ಲ, ಬ್ಯಾಂಕ್ ಕೆಲಸ ಇರಲಿಲ್ಲ, ಅವಳ ಹೆಸರಿನಲ್ಲಿ ಮನೆಯೂ ಇರಲಿಲ್ಲ. ಗೋಡೆ ಮಾತ್ರ ಅವಳ ಕೈಯಲ್ಲಿತ್ತು. ನನ್ನ ಹತ್ತಿರ ಉಳಿದದ್ದೆಲ್ಲ ಇದೆ. ಗೋಡೆ ಎಲ್ಲಿ, ಯಾವಾಗ ಕೈ ಬಿಟ್ಟು ಹೋಯಿತೋ.

ಇದೆಲ್ಲ ನಮ್ಮ ರಂಗೋಲಿಯೇ ಅಲ್ವಾ ಅಂತ ನನ್ನ ಗೆಳತಿ ಕೇಳಿದಳು. ಅಲ್ಲ ಕಣೇ. ರಂಗೋಲಿಗೆ ಸೊಂಟ ಬಗ್ಗಿಸಬೇಕು, ಬೆಳಗಾಗುವಷ್ಟರಲ್ಲಿ ಮುಗಿಸಬೇಕು, ಬೀದಿಯವರು ನೋಡಬೇಕು. ಇದನ್ನು ಯಾರೂ ನೋಡಬೇಕಾಗಿಲ್ಲ, ಅದೇ ಇದರ ಸುಖ.

ಈ ದೀಪಾವಳಿಗೆ ಮುಂಚೆ ಮನೆಗೆ ಬಣ್ಣ ಹೊಡೆಸಬೇಕಾಯ್ತು. ಪೇಂಟರ್ ಬಂದು ಎಂದಿನಂತೆ ನಮ್ಮ ಯಜಮಾನರ ಮುಖ ನೋಡಿದರು. ನಾನು 17ನೇ ಪುಟ ತೆಗೆದು ಟೀಪಾಯಿ ಮೇಲಿಟ್ಟೆ.

"ಇದ್ಯಾವ ಶೇಡು ಮೇಡಂ?"

"ಬೇಯಿಸಿದ ನುಗ್ಗೆಸೊಪ್ಪು."

ಅವರು ನಗಲಿಲ್ಲ. ಪುಸ್ತಕವನ್ನು ಬೆಳಕಿಗೆ ಹಿಡಿದು, ಶೇಡ್ ಕಾರ್ಡ್ ಪಕ್ಕದಲ್ಲಿಟ್ಟು, ಎರಡು ಸಲ ಹೋಲಿಸಿದರು. ಆಮೇಲೆ, "ಮೇಡಂ, ಚೀಟಿಯಲ್ಲಿ ಕಂಡಿದ್ದಕ್ಕಿಂತ ಗೋಡೆಗೆ ಬಂದಾಗ ಬಣ್ಣ ಜಾಸ್ತಿ ಹೊಡೆಯುತ್ತೆ. ಒಂದೆರಡು ಮೆಟ್ಟಿಲು ತಿಳಿಯಾಗಿದ್ದು ತಗೊಳ್ಳಿ. ಮೊದಲು ಪ್ಯಾಚ್ ಹಾಕ್ತೀನಿ, ಎರಡು ದಿನ ನೋಡಿ" ಅಂದರು. ಕಿಟಕಿ ಪಕ್ಕ ಎರಡಡಿ ಅಗಲ, ಎರಡಡಿ ಎತ್ತರ ಬಳಿದು ಹೋದರು. ಬೆಳಿಗ್ಗೆ ಬಿಸಿಲಲ್ಲಿ ಅದು ಎಳೆ ಸೊಪ್ಪು, ರಾತ್ರಿ ಟ್ಯೂಬ್‌ಲೈಟಿನಲ್ಲಿ ಥೇಟ್ ಪಲ್ಯ. ನಾನು ಎರಡೂ ದಿನ ಕಾಫಿ ಲೋಟ ಹಿಡಿದು ಅದರ ಮುಂದೆಯೇ ನಿಂತಿದ್ದೆ.

ಯಜಮಾನರು ಮೂರನೇ ದಿನ "ಚೆನ್ನಾಗೇ ಇದೆ. ನಾಲ್ಕೂ ಗೋಡೆಗೆ ಹಾಕಿಸ್ತೀಯಾ?" ಅಂತ ಕೇಳಿದರು. ದನಿಯಲ್ಲಿ ಸ್ವಲ್ಪ ಗಾಬರಿ ಇತ್ತು.

ಒಂದೇ ಗೋಡೆಗೆ ಅಂದೆ. ಮಿಕ್ಕ ಮೂರಕ್ಕೆ ಕ್ರೀಮೇ ಇರಲಿ, ಈ ಹಸಿರಿನ ಪಕ್ಕ ಅದು ಒಪ್ಪುತ್ತೆ. 17ನೇ ಪುಟದಲ್ಲಿ ನೋಡಿದ್ದೆನಲ್ಲ.

ಈಗ ಒಂದೇ ತೊಂದರೆ. ಡಬ್ಬಿಯ ಹಸಿರು ಪೆನ್ಸಿಲ್ ಕಿರುಬೆರಳಿನಷ್ಟು ಉಳಿದಿದೆ, ಮಿಕ್ಕವು ಇನ್ನೂ ಉದ್ದ ಇವೆ. ಶಿವರಾಂಪೇಟೆಯಲ್ಲಿ ಎರಡು ಅಂಗಡಿ ಕೇಳಿದೆ, ಡಬ್ಬಿನೇ ತಗೋಬೇಕಂತೆ. ಮೈಸೂರಿನಲ್ಲಿ ಬಿಡಿ ಬಣ್ಣದ ಪೆನ್ಸಿಲ್ ಎಲ್ಲಿ ಸಿಗುತ್ತೆ, ಗೊತ್ತಿದ್ದವರು ಹೇಳಿ.