ಸುದ್ದಿ ಓದಿದರೆ ಲ್ಯಾಪ್‌ಟಾಪ್‌ಗೆ ಯಾಕೆ ಜ್ವರ ಬರಬೇಕು?

ನನ್ನ ಲ್ಯಾಪ್‌ಟಾಪ್ 2014ರದ್ದು. ಒಳಗಿರುವುದು ಇಂಟೆಲ್‌ನ ನಾಲ್ಕನೇ ಜನರೇಷನ್ ಐ5 ಪ್ರೊಸೆಸರ್. ಎಕ್ಸೆಲ್ ತೆರೆದರೆ ಸುಮ್ಮನಿರುತ್ತದೆ. ವರ್ಡ್‌ನಲ್ಲಿ ಗಂಟೆಗಟ್ಟಲೆ ಟೈಪ್ ಮಾಡಿದರೂ ಫ್ಯಾನ್ ಸದ್ದಿಲ್ಲ. ಆದರೆ ಯಾವುದಾದರೂ ಸುದ್ದಿ ವೆಬ್‌ಸೈಟ್ ತೆರೆದು ಐದು ನಿಮಿಷ ಆದರೆ ಸಾಕು, ಎಡಗಡೆ ಕೀಲಿಗಳ ಮೇಲೆ ಬೆರಳಿಡಲು ಆಗುತ್ತಿರಲಿಲ್ಲ. ಅವ್ವ ಒಳಗಿನಿಂದಲೇ ಕೇಳುತ್ತಿದ್ದಳು, "ಮನ್ಯಾಗ ಗಿರಣಿ ಹಾಕ್ದಂಗ ಆತಲ್ಲೋ, ಏನದು?"

ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿನ ಹುಡುಗ ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. "ಬೋರ್ಡ್ ಹೋಗೈತ್ರಿ ಸರ್. ಒಂಬತ್ತು ಸಾವಿರ ಆಗತೈತಿ. ಅದರ ಬದಲು ಹೊಸಾದೇ ತಗೊಳ್ರಿ." ಬೋರ್ಡ್ ಹೋಗಿದ್ದರೆ ಎಕ್ಸೆಲ್‌ನಲ್ಲೂ ಬಿಸಿ ಆಗಬೇಕಲ್ವಾ ಅಂದೆ. ಅವನು ಫೋನ್ ನೋಡತೊಡಗಿದ. ನಾನು ಚೀಲಕ್ಕೆ ಹಾಕಿಕೊಂಡು ವಾಪಸ್ ಬಂದೆ.

ಮನೆಯಲ್ಲಿ ಪ್ರೊಸೆಸರ್‌ನ ಬಿಸಿ ತೋರಿಸುವ ಕೋರ್ ಟೆಂಪ್ ಎಂಬ ಸಾಫ್ಟ್‌ವೇರ್ ಹಾಕಿ ನೋಡಿದೆ. ಬ್ರೌಸರ್ ಮುಚ್ಚಿದಾಗ 64 ಡಿಗ್ರಿ. ಸುದ್ದಿಯ ಪುಟ ತೆರೆದಾಗ 97. ಈ ಪ್ರೊಸೆಸರ್‌ನ ಮಿತಿ 100. ಅಲ್ಲಿಗೆ ಮುಟ್ಟಿದರೆ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. "ಲ್ಯಾಪ್‌ಟಾಪ್ ಸ್ಲೋ ಆಗಿದೆ" ಎಂದು ನಾವು ಗೊಣಗುವುದು ಎಷ್ಟೋ ಸಲ ಇದಕ್ಕೇ. ಏನೂ ಮಾಡದಿದ್ದಾಗಲೂ 64 ಅಂದರೆ ಒಳಗೆ ಏನೋ ಕಟ್ಟಿಕೊಂಡಿದೆ. ಒಂದೇ ಪುಟಕ್ಕೆ 33 ಡಿಗ್ರಿ ಏರಿತು ಅಂದರೆ ಆ ಪುಟದಲ್ಲೂ ಏನೋ ಇದೆ.

ಮೊದಲು ಪುಟದ ಕಥೆ. ಕ್ರೋಮ್‌ನಲ್ಲಿ ಶಿಫ್ಟ್ ಹಿಡಿದು ಎಸ್ಕೇಪ್ ಒತ್ತಿ. ಯಾವ ಟ್ಯಾಬ್ ಎಷ್ಟು ಸಿಪಿಯು (ಅಂದರೆ ಪ್ರೊಸೆಸರ್) ತಿನ್ನುತ್ತಿದೆ ಅಂತ ಪಟ್ಟಿ ಬರುತ್ತದೆ. ನಾನು ಓದುತ್ತಿದ್ದದ್ದು ತೊಗರಿ ಬೆಲೆಯ ಬಗ್ಗೆ ನಾಲ್ಕು ಪ್ಯಾರಾ. ಅದರ ಮೂಲೆಯಲ್ಲಿ ತಾನಾಗಿ ಓಡುವ ಒಂದು ವಿಡಿಯೊ, ಸುತ್ತ ಹನ್ನೆರಡು ಜಾಹೀರಾತು. ನಾಲ್ಕು ಪ್ಯಾರಾಕ್ಕೆ ಇಷ್ಟು ದೊಡ್ಡ ಮೆರವಣಿಗೆ! 2020ರಿಂದ ಕ್ರೋಮ್ ಅತಿ ಭಾರದ ಜಾಹೀರಾತುಗಳನ್ನು ಹೊರಹಾಕುತ್ತಿದೆ, ನಿಜ. 4 ಎಂಬಿಗಿಂತ ಜಾಸ್ತಿ ಡೇಟಾ ಎಳೆದರೆ, ಇಲ್ಲವೇ ಯಾವುದೇ 30 ಸೆಕೆಂಡಿನಲ್ಲಿ 15 ಸೆಕೆಂಡ್ ಸಿಪಿಯು ಬಳಸಿದರೆ ಆ ಜಾಹೀರಾತು ಔಟ್. ಆದರೆ ಒಂದೊಂದೂ ಮಿತಿಯೊಳಗೇ ಇದ್ದುಕೊಂಡು ಹನ್ನೆರಡು ಒಟ್ಟಿಗೆ ಕುಣಿದರೆ? ಜಾಹೀರಾತಿನ ದುಡ್ಡು ಅವರಿಗೆ, ಕರೆಂಟ್ ಬಿಲ್ ನನಗೆ. ಬ್ರೌಸರ್‌ಗೆ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ (ಜೋಡಿಸಿಕೊಳ್ಳುವ ಪುಟ್ಟ ಸಾಫ್ಟ್‌ವೇರ್) ಹಾಕಿದೆ. ಇದರಲ್ಲಿ ನನಗೆ ಯಾವ ಪಾಪಪ್ರಜ್ಞೆಯೂ ಇಲ್ಲ. ಚಂದಾ ಕಟ್ಟಿಸಿಕೊಂಡು ಹಗುರ ಪುಟ ಕೊಟ್ಟರೆ ಕಟ್ಟುತ್ತೇನೆ.

ಯೂಟ್ಯೂಬ್‌ನದು ಬೇರೆ ರೋಗ. ಮಗಳು ಗಣಿತದ ಪಾಠ ಹಾಕಿದರೂ ಫ್ಯಾನ್ ಕೂಗುತ್ತಿತ್ತು. ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆದರೆ ಕೋಡೆಕ್, ಅಂದರೆ ವಿಡಿಯೊವನ್ನು ಕುಗ್ಗಿಸಿ ಕಳಿಸುವ ವಿಧಾನ, ಯಾವುದು ಅಂತ ಕಾಣುತ್ತದೆ. ನಮ್ಮದರಲ್ಲಿ ವಿಪಿ9 ಇತ್ತು. ಈ ಹಳೇ ಚಿಪ್‌ನಲ್ಲಿ ಎಚ್.264 ಎಂಬ ಇನ್ನೊಂದು ಕೋಡೆಕ್ ಬಿಡಿಸಲು ಪ್ರತ್ಯೇಕ ಭಾಗವಿದೆ, ವಿಪಿ9ಗೆ ಇಲ್ಲ. ಹಾಗಾಗಿ ಆ ದುಡಿಮೆಯೆಲ್ಲ ಪ್ರೊಸೆಸರ್‌ನ ತಲೆ ಮೇಲೆ. ಎಚ್.264 ಅನ್ನೇ ಕೇಳಿ ಪಡೆಯುವ ಎಕ್ಸ್‌ಟೆನ್ಶನ್‌ಗಳಿವೆ. ಹಾಕಿದ ಮೇಲೆ ಅದೇ ಪಾಠ ಸದ್ದಿಲ್ಲದೆ ಓಡಿತು.

ಇನ್ನು ಒಳಗಿನ ಕಥೆ. ಭಾನುವಾರ ಬೆಳಿಗ್ಗೆ ಹಿಂದಿನ ಮುಚ್ಚಳ ಬಿಚ್ಚಿ, ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆದೆ. ಫ್ಯಾನಿನ ಗಾಳಿ ಹೊರಹೋಗುವ ಕಡೆ ಬಾಚಣಿಗೆ ಹಲ್ಲಿನಂಥ ಸಣ್ಣ ತಗಡುಗಳಿರುತ್ತವೆ. ಅವುಗಳಿಗೂ ಫ್ಯಾನಿಗೂ ನಡುವೆ ಒಂದು ಪದರ ಕೂತಿತ್ತು. ಚಿಮಟದಿಂದ ಎಳೆದರೆ ಹಳೇ ಕೌದಿಯ ತುಂಡಿನ ಹಾಗೆ ಇಡಿಯಾಗಿ ಬಂತು. ಹಾಸಿಗೆಯ ಹತ್ತಿ, ಮಗಳ ಕೂದಲು, ಊದಿನಕಡ್ಡಿಯ ಬೂದಿ. ಹತ್ತು ವರ್ಷದ ನಮ್ಮ ಮನೆ ಅದರಲ್ಲಿತ್ತು. ಹೊರಗಿನಿಂದ ಬ್ಲೋವರ್ ಹಿಡಿದಿದ್ದರೆ ಇದು ಬರುತ್ತಲೇ ಇರಲಿಲ್ಲ. ಗಾಳಿ ಹೊಡೆಯುವಾಗ ಫ್ಯಾನ್ ಗಿರ್ರನೆ ತಿರುಗದಂತೆ ಬೆಂಕಿಕಡ್ಡಿ ಅಡ್ಡ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬೇರಿಂಗ್ ಹಾಳಾಗಬಹುದು.

ಪ್ರೊಸೆಸರ್‌ನ ಬಿಸಿಯನ್ನು ಹೊರಗೆ ಸಾಗಿಸಲು ಅದರ ಮೇಲೆ ಹಚ್ಚಿರುವ ಥರ್ಮಲ್ ಪೇಸ್ಟ್ ಒಣ ಸುಣ್ಣದ ಹಾಗೆ ಉದುರಿತು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಹೊಸದನ್ನು ಅಕ್ಕಿಕಾಳಿನಷ್ಟು ಹಾಕಿದೆ. ಸ್ಕ್ರೂಗಳ ಪಕ್ಕ 1, 2, 3 ಅಂತ ಕೊರೆದಿತ್ತು. ಆ ಕ್ರಮದಲ್ಲೇ, ಒಂದೊಂದನ್ನೂ ಸ್ವಲ್ಪಸ್ವಲ್ಪ ಬಿಗಿ ಮಾಡಿದೆ. ನಿಮಗೆ ಕೈ ನಡುಗಿದರೆ ತಿಳಿದವರ ಕೈಲಿ ಮಾಡಿಸಿ, ಆದರೆ ಎದುರಿಗೇ ಬಿಚ್ಚಿಸಿ. ಟಚ್‌ಪ್ಯಾಡ್ ಮೇಲೆ ಎದ್ದಂತೆ ಕಂಡರೆ ಮಾತ್ರ ಈ ಯಾವ ಸಾಹಸವೂ ಬೇಡ. ಅದು ಬ್ಯಾಟರಿ ಉಬ್ಬಿದ ಲಕ್ಷಣ. ಚಾರ್ಜ್ ಹಾಕುವುದನ್ನೂ ನಿಲ್ಲಿಸಿ.

ಈಗ ಸುಮ್ಮನಿದ್ದರೆ 46, ಅದೇ ಸುದ್ದಿ ಪುಟಕ್ಕೆ 68. ಪೇಸ್ಟ್ ಮತ್ತು ಆಲ್ಕೊಹಾಲ್ ಸೇರಿ ಐನೂರು ರೂಪಾಯಿಯೂ ಆಗಲಿಲ್ಲ.

ಮೇ ತಿಂಗಳ ಮಧ್ಯಾಹ್ನ ಮಾತ್ರ ನಾನು ಗೆದ್ದಿಲ್ಲ. ಬಹಳಷ್ಟು ಲ್ಯಾಪ್‌ಟಾಪ್‌ಗಳ ಪುಸ್ತಿಕೆಯಲ್ಲಿ 35 ಡಿಗ್ರಿವರೆಗಿನ ಕೋಣೆಯಲ್ಲಿ ಬಳಸಿ ಅಂತ ಇರುತ್ತದೆ. ಅದನ್ನು ಬರೆದವರು ರಾಯಚೂರಿಗೆ ಬಂದವರಲ್ಲ. ಆ ಹೊತ್ತಿನಲ್ಲಿ ವಿಂಡೋಸ್ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್ ಮಿತಿಯನ್ನು 99 ಪರ್ಸೆಂಟ್‌ಗೆ ಇಳಿಸುತ್ತೇನೆ, ಟರ್ಬೊ, ಅಂದರೆ ಪ್ರೊಸೆಸರ್ ತಾನಾಗಿ ವೇಗ ಏರಿಸಿಕೊಳ್ಳುವುದು, ನಿಲ್ಲುತ್ತದೆ. ಮಂಚ ಬಿಟ್ಟು, ಶಹಾಬಾದ್ ಬಂಡೆಯ ನೆಲದ ಮೇಲೆ ಇಡುತ್ತೇನೆ. ಪಕ್ಕದಲ್ಲಿ ನಾನೂ ಬನಿಯನ್ ಮೇಲೆ ಅಲ್ಲೇ ಉರುಳಿಕೊಳ್ಳುತ್ತೇನೆ.