ಬಾಯಿ ಬಿಡದೆ ಜಾತಕ ತೋರಿಸೋರ ಬಗ್ಗೆ

ಇವತ್ತು ತಲೆ ಕೆಟ್ಟಿದೆ, ಬರೆದೇ ಬಿಡ್ತೀನಿ. ನಮ್ಮ ಚಿಕ್ಕಮ್ಮನ ಮಗಳು ಜ್ಯೋತಿಷಿಗಳ ಹತ್ರ ಗಂಟೆಗಟ್ಟಲೆ ಕೂತು ಬಂದಿದಾಳೆ. ಏನು ಕೇಳಿದ್ಯೇ ಅಂದ್ರೆ "ನಾನೇನೂ ಕೇಳ್ಲಿಲ್ಲಕ್ಕಾ, ನಿಜವಾಗ್ಲೂ ಗೊತ್ತಿರೋರಾದ್ರೆ ಅವರೇ ಹೇಳ್ಲಿ ಅಂತ ಸುಮ್ನಿದ್ದೆ" ಅಂತಾಳೆ. ಏನು ಹೇಳಿದ್ರು ಅಂದ್ರೆ "ಶನಿ ಸರಿ ಇಲ್ವಂತೆ, ಮುಂದೆ ಒಳ್ಳೇದಾಗತ್ತಂತೆ". ಅಷ್ಟೇ. ಇರೋ ಕೆಲಸ ಬಿಡ್ಬೇಕಾ ಬೇಡ್ವಾ ಅಂತ ತಿಂಗಳುಗಟ್ಟಲೆ ನಿದ್ದೆಗೆಟ್ಟಿರೋ ಹುಡುಗಿ, ಆ ಒಂದು ಪ್ರಶ್ನೇನ ಬಾಯಿಂದ ಆಚೆ ಹಾಕದೆ ಎದ್ದು ಬಂದಿದಾಳೆ. ನನಗೆ ಸಿಟ್ಟು ಬಂದಿರೋದು ಜ್ಯೋತಿಷಿಗಳ ಮೇಲಲ್ಲ.

ನಮ್ಮ ತಾತ ಜಾತಕ ಬರೀತಿದ್ದೋರು ಅಂತ ಇಲ್ಲಿರೋ ಹಳಬರಿಗೆಲ್ಲ ಗೊತ್ತು. ಯಾರೇ ಬಂದು ಕೂತ್ರೂ ಅವರ ಮೊದಲ ಮಾತು "ಏನು ವಿಷಯ ಹೇಳಪ್ಪ" ಅಂತಲೇ ಇರ್ತಿತ್ತು. ವಿದ್ಯೆ ಕಮ್ಮಿ ಅಂತ ಕೇಳ್ತಿದ್ದದ್ದಲ್ಲ ಅದು. ಒಂದು ಕುಂಡಲಿಯಲ್ಲಿ 12 ಭಾವ ಅಂದ್ರೆ ಮನೆ, 9 ಗ್ರಹ, ಅದರ ಮೇಲೆ ನವಾಂಶ (ಪ್ರತಿ ರಾಶಿಯನ್ನ ಒಂಬತ್ತು ಭಾಗ ಮಾಡಿ ನೋಡೋದು), ದಶೆ (ಒಂದೊಂದು ಗ್ರಹದ ಆಳ್ವಿಕೆಯ ಕಾಲ), ಭುಕ್ತಿ (ದಶೆಯ ಒಳಭಾಗ), ಗೋಚಾರ (ಗ್ರಹಗಳ ಈಗಿನ ಸಂಚಾರ) ಇಷ್ಟೆಲ್ಲ ಇರತ್ತೆ, ಉದ್ಯೋಗಕ್ಕೆ ಹತ್ತನೇ ಮನೆಯಿಂದ ಶುರು ಮಾಡ್ಬೇಕು, ಮದುವೆಗೆ ಏಳು, ಮಕ್ಕಳಿಗೆ ಐದು, ಮನೆ ಜಾಗಕ್ಕೆ ನಾಲ್ಕು, ಎಲ್ಲಿಂದ ಶುರು ಮಾಡ್ಲಿ ಅಂತ ನೀವು ಹೇಳದೆ ಇದ್ರೆ ಅವರು ಎಲ್ಲಾ ಮನೆಯನ್ನೂ ಒಂದೊಂದು ನಿಮಿಷ ಮುಟ್ಟಿ ಮುಗಿಸ್ತಾರೆ. ಅವಾಗ ನಿಮಗೆ ಸಿಗೋದು ಪೇಪರ್‌ನಲ್ಲಿ ಬರೋ ವಾರಭವಿಷ್ಯದಷ್ಟೇ. ಪರೀಕ್ಷೆ ಮಾಡೋಕೆ ಹೋಗಿದ್ದೀರೋ ಉತ್ತರ ಬೇಕು ಅಂತ ಹೋಗಿದ್ದೀರೋ, ಮೊದ್ಲು ಅದನ್ನ ತೀರ್ಮಾನ ಮಾಡ್ಕೊಳ್ಳಿ.

ಪ್ರಶ್ನೆ ಅಂದ್ರೆ "ನನ್ನ ಭವಿಷ್ಯ ಹೇಗಿದೆ" ಅನ್ನೋದಲ್ಲ. "ಈ ವರ್ಷದೊಳಗೆ ಕೆಲಸ ಬದಲಾಯಿಸೋದು ಒಳ್ಳೇದಾ, ಇನ್ನೊಂದು ವರ್ಷ ಕಾಯೋದಾ, ಈಗ ನಡೀತಿರೋ ಭುಕ್ತಿ ಯಾವತ್ತಿಗೆ ಮುಗಿಯತ್ತೆ" ಅನ್ನೋದು ಪ್ರಶ್ನೆ. ಬರ್ಕೊಂಡು ಹೋಗಿ. ಎದುರು ಕೂತಾಗ ಅರ್ಧ ಮರೆತು ಹೋಗತ್ತೆ, ಇನ್ನರ್ಧ ಕೇಳೋಕೆ ನಾಚಿಕೆ ಆಗತ್ತೆ.

ಇನ್ನು ಹುಟ್ಟಿದ ಸಮಯ. "ಬೆಳಿಗ್ಗೆ ಎಂಟೋ ಒಂಬತ್ತೋ, ಅಮ್ಮನಿಗೆ ಸರಿಯಾಗಿ ನೆನಪಿಲ್ಲ" ಅಂತ ಹೇಳಿ ನಿಖರವಾದ ಉತ್ತರ ಬಯಸೋರನ್ನ ನೋಡಿದ್ರೆ ನನಗೆ ನಿಜವಾಗ್ಲೂ ಸಂಕಟ ಆಗತ್ತೆ. ಲಗ್ನ, ಅಂದ್ರೆ ಹುಟ್ಟಿದ ಗಳಿಗೆಗೆ ಪೂರ್ವದಲ್ಲಿ ಉದಯವಾಗ್ತಿದ್ದ ರಾಶಿ, ಹೆಚ್ಚುಕಮ್ಮಿ ಎರಡು ಗಂಟೆಗೊಂದು ಬದಲಾಗತ್ತೆ, ನವಾಂಶ ಲಗ್ನ ಸುಮಾರು 13 ನಿಮಿಷಕ್ಕೇ. ದಶೆ ಲೆಕ್ಕ ಹಾಕೋ ವಿಂಶೋತ್ತರಿ ಪದ್ಧತಿಯಲ್ಲಿ ಎಲ್ಲ ದಶೆ ಸೇರಿ ಒಟ್ಟು 120 ವರ್ಷ, ಅದು ಎಲ್ಲಿಂದ ಶುರು ಅನ್ನೋದು ಹುಟ್ಟಿದಾಗ ಚಂದ್ರ ನಕ್ಷತ್ರದ ಎಷ್ಟು ಭಾಗ ದಾಟಿದ್ದ ಅನ್ನೋದರ ಮೇಲೆ, ಚಂದ್ರ ಒಂದು ನಕ್ಷತ್ರ ದಾಟೋಕೆ ತಗೊಳ್ಳೋದು ಸುಮಾರು ಒಂದು ದಿನ. ಅಂದ್ರೆ 20 ವರ್ಷದ ಶುಕ್ರ ದಶೆಯಲ್ಲಿ ಹುಟ್ಟಿದವರ ಸಮಯ ಒಂದು ಗಂಟೆ ತಪ್ಪಿದ್ರೆ ದಶೆ ಹತ್ತು ತಿಂಗಳು ಆಚೀಚೆ ಹೋಗತ್ತೆ, ಆಮೇಲೆ ಬರೋ ಎಲ್ಲ ದಶೆಗಳೂ ಅದರ ಜೊತೆಗೇ ಜಾರತ್ತೆ. ಆಸ್ಪತ್ರೆಯ ಕಾಗದ ಹುಡುಕಿ, ತೊಟ್ಟಿಲ ಕಾಲದ ಡೈರಿ ಹುಡುಕಿ. ರಾತ್ರಿ ಹನ್ನೆರಡರಿಂದ ಬೆಳಗಿನ ಜಾವದೊಳಗೆ ಹುಟ್ಟಿದವರು ಇನ್ನೂ ಹುಷಾರಾಗಿರಿ, ಪಂಚಾಂಗದಲ್ಲಿ ದಿನ ಶುರುವಾಗೋದು ಸೂರ್ಯೋದಯಕ್ಕೆ, ಗಡಿಯಾರದಲ್ಲಿ ಮಧ್ಯರಾತ್ರಿಗೆ, ಹಾಗಾಗಿ ಮನೆಯವರ ಬಾಯಲ್ಲಿ ನೀವು ಸೋಮವಾರ ಹುಟ್ಟಿದವರು, ದಾಖಲೆಯಲ್ಲಿ ಮಂಗಳವಾರ. ಅಜ್ಜ ಅಜ್ಜಿಯರ ಹಳೇ ಜಾತಕ ತೋರಿಸೋರು ಇದೂ ಗಮನಿಸಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ ತನಕ ಯುದ್ಧದ ಕಾರಣಕ್ಕೆ ದೇಶದ ಗಡಿಯಾರವೇ ಒಂದು ಗಂಟೆ ಮುಂದೆ ಇತ್ತು. ಸಮಯ ಗೊತ್ತೇ ಇಲ್ವಾ, ಗೊತ್ತಿಲ್ಲ ಅಂತಲೇ ಹೇಳಿ. ಕೇಳಿದ ಗಳಿಗೆಗೇ ಕುಂಡಲಿ ಹಾಕೋ ಪ್ರಶ್ನಶಾಸ್ತ್ರ ಇರೋದೇ ಅದಕ್ಕೆ. ಅಂದಾಜು ಸಮಯ ಕೊಟ್ಟು ಅವರನ್ನೂ ದಾರಿ ತಪ್ಪಿಸಿ ನೀವೂ ತಪ್ಪಬೇಡಿ.

ಮತ್ತೆ ಅದೇ ಮಾತಿಗೆ ಬರ್ತೀನಿ, ಕೇಳಿ ಸ್ವಾಮಿ, ಬಾಯಿಬಿಟ್ಟು ಕೇಳಿ. ಶನಿ ಸರಿ ಇಲ್ಲ ಅಂದ್ರಾ? ಸಾಡೇಸಾತಿಯಾ, ಅಷ್ಟಮ ಶನಿಯಾ (ನಿಮ್ಮ ರಾಶಿಯಿಂದ ಎಂಟನೇ ರಾಶಿಯಲ್ಲಿ ಶನಿ), ಶನಿ ದಶೆಯಾ, ಇಲ್ಲ ಜಾತಕದಲ್ಲೇ ಶನಿ ನೀಚನಾ, ಅಂದ್ರೆ ಬಲ ಕಳ್ಕೊಳ್ಳೋ ರಾಶಿಯಲ್ಲಿದಾನಾ? ಇವೆಲ್ಲ ಬೇರೆ ಬೇರೆ. ಸಾಡೇಸಾತಿ ಅಂದ್ರೆ ಶನಿ ನಿಮ್ಮ ರಾಶಿಯ ಹಿಂದಿನ ರಾಶಿ, ನಿಮ್ಮ ರಾಶಿ, ಮುಂದಿನ ರಾಶಿ ಮೂರನ್ನೂ ದಾಟೋ ಏಳೂವರೆ ವರ್ಷ. ಹಾಗಾಗಿ ಯಾವ ದಿನ ತಗೊಂಡ್ರೂ 12ರಲ್ಲಿ 3 ರಾಶಿಯವರಿಗೆ ಅದು ನಡೀತಾನೇ ಇರತ್ತೆ, ಅಷ್ಟು ಜನ ಒಟ್ಟಿಗೆ ಹಾಳಾಗಿ ಹೋಗ್ತಾರಾ? ಮದುವೆಗೆ ಅಡ್ಡಿ ಅನ್ನೋ ಕುಜದೋಷವೂ (ಕುಜ ಅಂದ್ರೆ ಮಂಗಳ ಗ್ರಹ) ಹಾಗೇ. ಲಗ್ನದಿಂದ 2, 4, 7, 8, 12ರಲ್ಲಿ ಕುಜ ಇದ್ರೆ ದೋಷ ಅಂತಾರೆ, ಕೆಲವರು ಲಗ್ನವನ್ನೂ ಸೇರಿಸ್ತಾರೆ, ಅಲ್ಲಿಗೆ 12ರಲ್ಲಿ 6 ಮನೆ ಆಯ್ತು. ಅದಕ್ಕೇ ಶಾಸ್ತ್ರದಲ್ಲೇ ದೋಷಭಂಗದ, ಅಂದ್ರೆ ದೋಷ ರದ್ದಾಗೋ ನಿಯಮಗಳೂ ಇರೋದು, ಕುಜ ಸ್ವಕ್ಷೇತ್ರದಲ್ಲಿದ್ರೆ (ತನ್ನದೇ ರಾಶಿ), ಉಚ್ಚನಾಗಿದ್ರೆ (ಅತಿ ಬಲದ ರಾಶಿ) ಅಂತ. "ನನ್ನ ಜಾತಕದಲ್ಲಿ ದೋಷಕ್ಕೆ ಭಂಗ ಇದೆಯಾ ನೋಡಿ" ಅಂತ ಒಂದು ಮಾತು ಕೇಳಿದ್ರೆ ಎಷ್ಟೋ ಹೆಣ್ಣುಮಕ್ಕಳ ಕಣ್ಣೀರು ಉಳಿಯತ್ತೆ. ಯಾರೂ ಕೇಳಲ್ಲ. ತಲೆ ಬಗ್ಗಿಸಿ ಪರಿಹಾರದ ಚೀಟಿ ಇಸ್ಕೊಂಡು ಬರ್ತಾರೆ.

ಇಬ್ಬರು ಜ್ಯೋತಿಷಿಗಳು ಎರಡು ದಿನಾಂಕ ಹೇಳಿದ್ರು ಅಂತ ಕೂಗಾಡೋ ಮೊದಲು ಯಾವ ಅಯನಾಂಶ, ಅಂದ್ರೆ ರಾಶಿಚಕ್ರ ಎಲ್ಲಿಂದ ಶುರು ಅನ್ನೋದಕ್ಕೆ ಹಿಡಿಯೋ ಡಿಗ್ರಿ ಲೆಕ್ಕ ಯಾವುದು ಅಂತ ಕೇಳಿ. ಬಳಕೆಯಲ್ಲಿರೋ ಲಾಹಿರಿ ಅಯನಾಂಶಕ್ಕೂ ರಾಮನ್ ಅಯನಾಂಶಕ್ಕೂ ಹತ್ತಿರ ಹತ್ತಿರ ಒಂದೂವರೆ ಡಿಗ್ರಿ ವ್ಯತ್ಯಾಸ, ಹುಟ್ಟಿದಾಗಿನ ದಶೆ ಶುಕ್ರನದಾದ್ರೆ ಅಷ್ಟಕ್ಕೇ ಎರಡು ವರ್ಷ ವ್ಯತ್ಯಾಸ ಬರತ್ತೆ.

ಈಗ ಕೆಲವು ಸ್ನೇಹಿತರು ಬರ್ತಾರೆ, ಜ್ಯೋತಿಷ್ಯವೇ ಸುಳ್ಳು, ಇನ್ನು ಪ್ರಶ್ನೆ ಏನು ಕೇಳೋದು ಅಂತ. ಗೊತ್ತು. ಖಗೋಳ ವಿಜ್ಞಾನಿ ಜಯಂತ್ ನಾರ್ಳೀಕರ್ ಅವರ ತಂಡ ಮಕ್ಕಳ ಜಾತಕ ಕೊಟ್ಟು, ಬುದ್ಧಿವಂತ ಮಗು ಯಾವುದು, ಬುದ್ಧಿಮಾಂದ್ಯ ಇರೋದು ಯಾವುದು ಅಂತ ಜ್ಯೋತಿಷಿಗಳನ್ನ ಕೇಳಿತ್ತು, ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಉತ್ತರಗಳು ಮೇಲೇನೂ ಇರ್ಲಿಲ್ಲ, 2009ರಲ್ಲಿ ಪ್ರಕಟವಾಯ್ತು, ನಾನೂ ಓದಿದೀನಿ. ಅದರ ಬಗ್ಗೆ ಇವತ್ತು ವಾದ ಬೇಡ. ನೀವು ಬೇಡ ಅಂದ ಮಾತ್ರಕ್ಕೆ ನಿಮ್ಮ ಮನೆಯವರು ಹೋಗೋದನ್ನ ನಿಲ್ಲಿಸಿದಾರಾ? ಇಲ್ಲ ತಾನೇ. ಹೋಗೇ ಹೋಗ್ತಾರೆ, ಬಾಯಿ ಮುಚ್ಕೊಂಡು ಕೂತು ಭಯ ಹೊತ್ಕೊಂಡು ಬರ್ತಾರೆ. ನನ್ನ ತಕರಾರು ಆ ಭಯದ ಬಗ್ಗೆ.

ಇದುವರೆಗೂ ಇಲ್ಲಿ ಬರೀದೇ ಇದ್ದದ್ದೊಂದು ಹೇಳ್ತೀನಿ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಯಾರೋ ಒಬ್ಬರು, ನಾವು ಕೇಳದೇನೇ, "ಮಾರಕ ದಶೆ ನಡೀತಿದೆ, ಕಷ್ಟ" ಅಂದುಬಿಟ್ರು. ಅಮ್ಮ ಹುಷಾರಾಗಿ ಮನೆಗೆ ಬಂದ್ರು, ಈಗಲೂ ಚೆನ್ನಾಗಿದಾರೆ. ಆದ್ರೆ ಆ ದಿನಗಳಲ್ಲಿ ಪ್ರತಿ ಫೋನ್ ಬಂದಾಗ್ಲೂ ನನ್ನ ಕೈ ನಡುಗಿದ್ದು ಆ ಒಂದು ಮಾತಿಗೆ. ಅದಕ್ಕೇ ಹೇಳೋದು, ಕೂತ ತಕ್ಷಣ ಹೇಳಿಬಿಡಿ, "ಆಯುಷ್ಯದ ವಿಷಯ ನನಗೆ ಬೇಡ" ಅಂತ. ತಾತ ಯಾರಿಗೂ ಸಾವಿನ ಕಾಲ ಹೇಳಿದವರಲ್ಲ, ಕೇಳಿದ್ರೂ ಮಾತು ಬೇರೆ ಕಡೆ ತಿರುಗಿಸ್ತಿದ್ರು. ಕಾಯಿಲೆಯ ಪ್ರಶ್ನೆ ಡಾಕ್ಟರ್‌ಗೆ ಮೀಸಲಿಡಿ, ಮಾತ್ರೆ ನಿಲ್ಲಿಸಿ ಅಂತ ಯಾರಾದ್ರೂ ಅಂದ್ರೆ ಅಲ್ಲೇ ಎದ್ದು ಬನ್ನಿ. ಪರಿಹಾರ ಹೇಳಿದ್ರೆ ಯಾವ ಗ್ರಹಕ್ಕೆ, ಎಷ್ಟು ದಿನ, ಮನೆಯಲ್ಲಿ ನಾನೇ ಮಾಡ್ಬಹುದಾ ಅಂತ ಕೇಳಿ. ಇವತ್ತೇ ಮಾಡಿಸ್ಬೇಕು, ನಮ್ಮಲ್ಲೇ ಮಾಡಿಸ್ಬೇಕು ಅಂದ್ರೆ ಯೋಚನೆ ಮಾಡಿ.

ಹೇಳಿದ್ದನ್ನ ಅವರ ಒಪ್ಪಿಗೆ ಕೇಳಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಇಲ್ಲ ಬರ್ಕೊಳ್ಳಿ, ದಿನಾಂಕ ಸಮೇತ. ಅವರು ಹೇಳಿದ ಹಾಗೆ ನಡೀಲಿಲ್ಲ ಅಂದ್ರೆ ಬೇರೆಯವರನ್ನ ಹುಡುಕೋ ಬದಲು ಅವರ ಹತ್ರಾನೇ ವಾಪಸ್ ಹೋಗಿ "ನೀವು ಹೇಳಿದ್ದು ಆಗ್ಲಿಲ್ಲ" ಅನ್ನಿ. ತಾತನಿಗೆ ಹೀಗೆ ಬಂದು ಹೇಳಿದವರಿದ್ರು. ತಾತ ಬೇಜಾರು ಮಾಡ್ಕೊಳ್ತಿರ್ಲಿಲ್ಲ, ಹಿಂದೆ ನಡೆದ ಘಟನೆಗಳ ಇಸವಿ ಒಂದೊಂದಾಗಿ ಕೇಳಿ ಹುಟ್ಟಿದ ಸಮಯಾನೇ ಮತ್ತೆ ಲೆಕ್ಕ ಹಾಕಿ ಲಗ್ನ ತಿದ್ದುತಿದ್ರು. ಮದುವೆ ಆಗಿದ್ದು, ಕೆಲಸ ಸಿಕ್ಕಿದ್ದು, ಊರು ಬಿಟ್ಟಿದ್ದು, ಮನೆಯಲ್ಲಿ ಹಿರಿಯರು ತೀರ್ಕೊಂಡಿದ್ದು, ಇವುಗಳ ತಾರೀಕೆಲ್ಲ ಒಂದು ಹಾಳೆಯಲ್ಲಿ ಬರ್ಕೊಂಡು ಹೋಗಿ, ಅವರು ಕೇಳದೇ ಇದ್ರೂ ನೀವೇ ಮುಂದಿಡಿ.